ಆಹಾರ ಒಣಗಿಸುವ ಯಂತ್ರ ಕೊಳ್ಳಬೇಕೇ, ಬೇಡವೇ? ಬಳಸಿದವರು ದಯವಿಟ್ಟು ಹೇಳಿ

ಹಿತ್ತಲಗಿಡ
ಎಲ್ಲರಿಗೂ ನಮಸ್ಕಾರ. ನನ್ನ ಹಿತ್ತಲಲ್ಲಿ ಒಂಬತ್ತು ಟೊಮೆಟೊ ಗಿಡಗಳಿವೆ. ಹಣ್ಣಾಗತೊಡಗಿದರೆ ಎಲ್ಲವೂ ಒಟ್ಟಿಗೇ ಹಣ್ಣಾಗುತ್ತವೆ. ಕಳೆದ ಸಲ ಅಕ್ಕಪಕ್ಕದವರಿಗೆ ಹಂಚಿ, ಸಾಸ್ ಮಾಡಿ, ಫ್ರಿಜ್ಜಿನ ಕೆಳಗಿನ ಖಾನೆ ತುಂಬಿದ ಮೇಲೂ ಒಂದು ಬುಟ್ಟಿ ಕೊಳೆತು ಗೊಬ್ಬರದ ಗುಂಡಿ ಸೇರಿತು. ನೀರೆರೆದು ಬೆಳೆಸಿದ್ದನ್ನು ಹಾಗೆ ಸುರಿಯುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಡಿಹೈಡ್ರೇಟರ್ ಕೊಳ್ಳುವ ಯೋಚನೆ ಬಂದಿದೆ. ಮನೆಯವರು ಒಪ್ಪುತ್ತಿಲ್ಲ. ಹಣ್ಣಿನ ರಸ ತೆಗೆಯುವ ಯಂತ್ರ ಅಟ್ಟ ಸೇರಿ ಎರಡು ವರ್ಷವಾಯಿತು, ಅದರ ಪಕ್ಕಕ್ಕೆ ಇನ್ನೊಂದು ಬೇಕೇ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಕೊಂಡು ಒಂದು ವರ್ಷ ಕಳೆದ ಮೇಲೂ ಬಳಸುತ್ತಿರುವವರು ಯಾರಾದರೂ ಇದ್ದೀರಾ? ವಿದ್ಯುತ್ ಎಷ್ಟು ಎಳೆಯುತ್ತದೆ? ಮನೆಯಲ್ಲಿರುವ ಓವನ್‌ನಲ್ಲೇ ಈ ಕೆಲಸ ಆಗುವುದಿಲ್ಲವೇ?

ನಿಧಾನಸ್ಥ
ಕೊಳ್ಳಬೇಡಿ.

ನಾನು ಕೊಂಡು ನಾಲ್ಕು ವರ್ಷವಾಯಿತು. ಮೊದಲ ಎರಡು ತಿಂಗಳು ಸೇಬು, ಬಾಳೆ, ಕ್ಯಾರೆಟ್, ಅಣಬೆ ಎಲ್ಲವನ್ನೂ ಒಣಗಿಸಿದೆ. ಕಪಾಟಿನಲ್ಲಿ ಹದಿನಾಲ್ಕು ಡಬ್ಬಿ ಸಾಲಾಗಿ ನಿಂತವು. ಅವನ್ನು ತಿನ್ನುವವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ಮಕ್ಕಳಿಗೆ ತಾಜಾ ಸೇಬೇ ಬೇಕು. ಒಣ ಕ್ಯಾರೆಟ್ ನೆನೆಸಿ ಪಲ್ಯ ಮಾಡಿದರೆ ನಾರು ನಾರು. ವರ್ಷ ಕಳೆದ ಮೇಲೆ ಅರ್ಧಕ್ಕರ್ಧ ಎಸೆದೆ. ತಾಜಾ ಇರುವಾಗ ಎಸೆಯುವ ಬದಲು ಒಣಗಿಸಿ ಎಸೆದಂತಾಯಿತು, ಅಷ್ಟೇ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಗಾಜಿನಭರಣಿ
ನಿಧಾನಸ್ಥ ಅವರೇ, ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ. ಆದರೆ ತಪ್ಪು ಯಂತ್ರದ್ದಲ್ಲವಲ್ಲ! ತಿನ್ನದ ಪದಾರ್ಥ ಒಣಗಿಸಿದರೆ ಯಾರು ತಾನೇ ತಿನ್ನುತ್ತಾರೆ?

ನಾನು ಆರು ವರ್ಷದಿಂದ ಬಳಸುತ್ತಿದ್ದೇನೆ, ತಿಂಗಳಿಗೆ ಮೂರು ನಾಲ್ಕು ಸಲ. ನನ್ನ ಪಟ್ಟಿ ಬಹಳ ಚಿಕ್ಕದು: ಟೊಮೆಟೊ, ಅಣಬೆ, ಪುದೀನ, ಈರುಳ್ಳಿ, ಆಗಾಗ ಬಾಳೆಹಣ್ಣು. ಟೊಮೆಟೊ ಗರಿಗರಿಯಾಗಿ ಒಣಗಿದ ಮೇಲೆ ಮಿಕ್ಸಿಯಲ್ಲಿ ಪುಡಿ ಮಾಡಿ ಇಟ್ಟುಕೊಳ್ಳುತ್ತೇನೆ. ಸಾರು ತೆಳ್ಳಗಾದರೆ ಎರಡು ಚಮಚ, ಸೂಪಿಗೆ ಒಂದು ಚಮಚ. ಅಣಬೆ ಪುಡಿಯೂ ಹಾಗೆಯೇ. ಒಂದು ಚಿಟಿಕೆಗೆ ಇಡೀ ಪಾತ್ರೆಯ ರುಚಿ ಏರುತ್ತದೆ. ದಿನಾ ಕೈ ಹೋಗುವ ಸಾಮಾನಾಗಿ ಮಾಡಿಕೊಂಡರೆ ಯಂತ್ರ ಅಟ್ಟ ಹತ್ತುವುದಿಲ್ಲ.

ಈರುಳ್ಳಿ ಒಣಗಿಸುವಾಗ ಮಾತ್ರ ಯಂತ್ರವನ್ನು ಹೊರಗಿಡಿ. ಒಮ್ಮೆ ಹಜಾರದಲ್ಲಿ ಇಟ್ಟು ಮಲಗಿದ್ದೆ, ಬೆಳಿಗ್ಗೆ ಪರದೆಗಳೂ ಈರುಳ್ಳಿ ನಾರುತ್ತಿದ್ದವು.

ಬಿಸಿಲುಪ್ರಿಯ
ಸೂರ್ಯ ಇರುವಾಗ ಯಂತ್ರ ಏಕೆ? ತಾರಸಿಯ ಮೇಲೆ ಒಂದು ಶುಭ್ರ ಬಟ್ಟೆ, ಮೇಲೊಂದು ತೆಳು ಪರದೆ. ಮನುಷ್ಯರು ಸಾವಿರಾರು ವರ್ಷ ಹಾಗೆಯೇ ಒಣಗಿಸಿದ್ದಾರೆ. ವಿದ್ಯುತ್ತೂ ಬೇಡ, ಸದ್ದೂ ಇಲ್ಲ.

ಮೂರನೇಮಹಡಿ
ತಾರಸಿ ಇರುವವರ ಮಾತು ಇದು! ನನಗಿರುವುದು ಎರಡು ಹೆಜ್ಜೆ ಅಗಲದ ಬಾಲ್ಕನಿ, ಅದಕ್ಕೆ ಬೆಳಿಗ್ಗೆ ಒಂದು ಗಂಟೆ ಬಿಸಿಲು. ಹೋದ ಸಲ ಟೊಮೆಟೊ ಇಟ್ಟಿದ್ದೆ. ಮೊದಲ ದಿನ ಅಂಚು ಮುದುಡಿತು, ಎರಡನೇ ದಿನ ಮೋಡ, ಮೂರನೇ ದಿನ ಹೋಳುಗಳ ನಡುವೆ ಬಿಳಿ ನವಿರು ಎದ್ದಿತ್ತು. ಎಲ್ಲವನ್ನೂ ಎಸೆದೆ.

ಆಹಾರವಿಜ್ಞಾನ ಓದಿದವಳು
ಬಿಸಿಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಬ್ಬರ ಮಾತೂ ಅವರವರ ಜಾಗದಲ್ಲಿ ಸರಿ. ಬಿಸಿಲಿನಲ್ಲಿ ಹಣ್ಣು ಒಣಗಿಸಲು ಕನಿಷ್ಠ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು, ಗಾಳಿಯ ತೇವಾಂಶ 60 ಶೇಕಡಕ್ಕಿಂತ ಕಡಿಮೆ ಇರಬೇಕು, ಗಾಳಿಯೂ ಆಡುತ್ತಿರಬೇಕು. ಅದೂ ಒಂದು ದಿನ ಇದ್ದು ಮರುದಿನ ಕೈಕೊಟ್ಟರೆ ಆಗದು, ಹಲವು ದಿನ ಬಿಡದೆ ಇರಬೇಕು. ಹಣ್ಣುಗಳಲ್ಲಿ ಸಕ್ಕರೆಯೂ ಹುಳಿಯೂ ಇರುವುದರಿಂದ ಅವು ಅಷ್ಟು ಕಾಲ ತಾಳುತ್ತವೆ. ಹುಳಿಯಿಲ್ಲದ ತರಕಾರಿಗಳಿಗೆ, ಮಾಂಸಕ್ಕೆ ಆ ರಕ್ಷಣೆ ಇಲ್ಲ. ಅವನ್ನು ಬರೀ ಬಿಸಿಲಿಗೆ ಬಿಡುವುದು ಕ್ಷೇಮವಲ್ಲ.

ಇನ್ನೊಂದು ವಿಷಯವನ್ನು ಹಲವರು ಮರೆಯುತ್ತಾರೆ. ಬಯಲಲ್ಲಿ ಒಣಗಿಸಿದ್ದರಲ್ಲಿ ಕೀಟಗಳ ಮೊಟ್ಟೆ ಇರಬಹುದು. ಡಬ್ಬಿಗೆ ತುಂಬುವ ಮೊದಲು ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 48 ಗಂಟೆ ಇಡಿ, ಇಲ್ಲವೇ ಓವನ್‌ನಲ್ಲಿ 71 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ.

ಬಿಸಿಲುಪ್ರಿಯ
ಫ್ರೀಜರ್ ವಿಷಯ ಗೊತ್ತಿರಲಿಲ್ಲ. ಹೋದ ವರ್ಷ ಒಣ ಹಣ್ಣಿನ ಡಬ್ಬಿಯಲ್ಲಿ ಪುಟ್ಟ ಹುಳು ಕಂಡಿದ್ದು ಏಕೆಂದು ಈಗ ತಿಳಿಯಿತು. ಇನ್ನು ಮೇಲೆ ಮಾಡುತ್ತೇನೆ. ಆದರೂ ನನ್ನ ಮತ ಬಿಸಿಲಿಗೇ.

ತಕ್ಕಡಿ
ಹಿತ್ತಲಗಿಡ ಅವರು ಕೇಳಿದ ವಿದ್ಯುತ್ತಿನ ಲೆಕ್ಕಕ್ಕೆ ಬರೋಣ. ಅದನ್ನು ಇಲ್ಲಿಯವರೆಗೆ ಯಾರೂ ಮುಟ್ಟಿಲ್ಲ.

ಟೊಮೆಟೊದಲ್ಲಿ 94 ಶೇಕಡದಷ್ಟು ನೀರು. ಎರಡು ಕಿಲೋ ಹೋಳು ಇಟ್ಟರೆ ಕೊನೆಗೆ ಉಳಿಯುವುದು 130 ಗ್ರಾಂ ಆಸುಪಾಸು. ಅಂದರೆ ಸುಮಾರು 1.87 ಲೀಟರ್ ನೀರನ್ನು ಆವಿ ಮಾಡಿ ಹೊರಗೆ ಕಳಿಸಬೇಕು. ಒಂದು ಕಿಲೋ ನೀರು ಆವಿಯಾಗಲು ಆ ಉಷ್ಣತೆಯಲ್ಲಿ ಸುಮಾರು 0.66 ಯೂನಿಟ್ ಶಕ್ತಿ ಬೇಕು. ಇದನ್ನು ಯಾವ ಯಂತ್ರವೂ ತಪ್ಪಿಸಿಕೊಳ್ಳಲಾರದು. ಹಾಗಾಗಿ ಎರಡು ಕಿಲೋ ಟೊಮೆಟೊಗೆ ಕಡಿಮೆ ಎಂದರೂ 1.2 ಯೂನಿಟ್. ಬಿಸಿಗಾಳಿಯ ಬಹುಪಾಲು ಕೆಲಸ ಮುಗಿಯುವ ಮೊದಲೇ ಹೊರಗೆ ಹೋಗುವುದರಿಂದ ನಿಜವಾದ ಖರ್ಚು ಇದರ ಎರಡು ಮೂರು ಪಟ್ಟು ಎಂದಿಟ್ಟುಕೊಳ್ಳಿ.

ಇನ್ನೊಂದು ಕಡೆಯಿಂದ ನೋಡಿದರೆ, 500 ವ್ಯಾಟ್ ಯಂತ್ರ 10 ಗಂಟೆ ಓಡಿದರೆ ಹೆಚ್ಚೆಂದರೆ 5 ಯೂನಿಟ್. ಥರ್ಮೋಸ್ಟಾಟ್ ನಡುನಡುವೆ ಹೀಟರ್ ಆರಿಸುವುದರಿಂದ ಅಷ್ಟೂ ಆಗುವುದಿಲ್ಲ. ನನ್ನ ಯಂತ್ರಕ್ಕೆ ಪ್ಲಗ್ ಮೀಟರ್ ಹಾಕಿ ನೋಡಿದಾಗ ನಾಲ್ಕು ತಟ್ಟೆ ಟೊಮೆಟೊಗೆ 3.4 ಯೂನಿಟ್ ತೋರಿಸಿತು. ನಿಮ್ಮ ಊರಿನ ದರದಿಂದ ಗುಣಿಸಿ, ಆ 130 ಗ್ರಾಂ ನಿಮಗೆ ಅಷ್ಟು ಬೆಲೆ ಬಾಳುತ್ತದೆಯೇ ನೋಡಿ.

ಸುಮ್ಮನೆ ಓದುವವಳು
ಎರಡು ಕಿಲೋ ಇಟ್ಟರೆ 130 ಗ್ರಾಂ! ಇಷ್ಟೇನಾ?

ತಕ್ಕಡಿ
ಟೊಮೆಟೊ ನೀರಿನ ಮುದ್ದೆ, ಅದಕ್ಕೇ ಹಾಗೆ. ಬಾಳೆಹಣ್ಣು ಉದಾರಿ. ಸಿಪ್ಪೆ ತೆಗೆದ ಒಂದು ಕಿಲೋ ಬಾಳೆಯಲ್ಲಿ ನೀರು 75 ಶೇಕಡ, ಹಾಗಾಗಿ 300 ಗ್ರಾಂ ದಾಟಿ ಸಿಗುತ್ತದೆ.

ಅಡುಗೆಮನೆಕಿಟಕಿ
ಓವನ್ ಬಗ್ಗೆ ನಾನು ಹೇಳುತ್ತೇನೆ, ಒಂದು ವರ್ಷ ಅದರಲ್ಲೇ ಹೆಣಗಿದ್ದೇನೆ. ತರಕಾರಿ ಹಣ್ಣುಗಳಿಗೆ ಬೇಕಾದದ್ದು 57 ಡಿಗ್ರಿ. ಸೊಪ್ಪಿಗೆ 35ರಿಂದ 40 ಸಾಕು. ನನ್ನ ಓವನ್‌ನ ಗುಂಡಿ 80ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಬಾಗಿಲನ್ನು ನಾಲ್ಕು ಬೆರಳು ತೆರೆದು, ಸಂದಿಗೆ ಮರದ ಸೌಟು ಸಿಕ್ಕಿಸಿ, ಎದುರಿಗೆ ಫ್ಯಾನ್ ಇಟ್ಟು ಒಣಗಿಸುತ್ತಿದ್ದೆ. ಯಂತ್ರದಲ್ಲಿ ಎಂಟು ಗಂಟೆಯಲ್ಲಿ ಆಗುವ ಕೆಲಸಕ್ಕೆ ಹದಿನೆಂಟು ಗಂಟೆ. ಅಷ್ಟು ಹೊತ್ತೂ ಅಡುಗೆಮನೆ ಕುಲುಮೆಯಂತೆ. ಓವನ್ ಬೇರೆ ಕೆಲಸಕ್ಕೂ ಸಿಗುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತೆರೆದ ಬಾಗಿಲು ಅಪಾಯ.

ಆದರೂ ಓವನ್‌ನಲ್ಲೇ ಶುರು ಮಾಡಿದ್ದು ಒಳ್ಳೆಯದಾಯಿತು. ಒಣಗಿಸಿದ್ದನ್ನು ನಾವು ನಿಜವಾಗಿ ತಿನ್ನುತ್ತೇವೆ ಎಂದು ಖಾತ್ರಿಯಾದ ಮೇಲೆ ಯಂತ್ರ ತಂದೆ. ಹಿತ್ತಲಗಿಡ ಅವರೇ, ನೀವೂ ಹಾಗೆ ಮಾಡಿ. ನಾಲ್ಕು ಸಲ ಓವನ್‌ನಲ್ಲಿ ಒಣಗಿಸಿ. ಆ ಡಬ್ಬಿ ಖಾಲಿಯಾದರೆ ಕೊಳ್ಳಿ.

ನಿಧಾನಸ್ಥ
ಈ ಮಾತು ನನಗೆ ನಾಲ್ಕು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಚಾರಣಿಗ
ಬೆನ್ನ ಮೇಲೆ ಊಟ ಹೊತ್ತು ನಡೆಯುವವರಿಗೆ ಇದರಲ್ಲಿ ಎರಡನೇ ಮಾತೇ ಇಲ್ಲ. ಐದು ದಿನದ ಚಾರಣಕ್ಕೆ ಅನ್ನ, ಬೇಯಿಸಿದ ಕಾಳು, ತರಕಾರಿ ಎಲ್ಲವನ್ನೂ ಬೇರೆ ಬೇರೆ ಒಣಗಿಸಿ ಹೊರಡುತ್ತೇನೆ. ಸಂಜೆ ಗುಡಾರದ ಮುಂದೆ ಕುದಿಯುವ ನೀರು ಸುರಿದು, ಪಾತ್ರೆಗೆ ಮುಚ್ಚಳ ಹಾಕಿ, ಟೋಪಿಯೊಳಗೆ ಸುತ್ತಿಟ್ಟು ಇಪ್ಪತ್ತು ನಿಮಿಷ ಕಾದರೆ ಊಟ ಸಿದ್ಧ. ಕಾಳನ್ನು ಹಸಿಯಾಗಿ ಒಯ್ದರೆ ಬೇಯಿಸಲು ಇಂಧನ ಸಾಲದು; ಬೇಯಿಸಿ ಒಣಗಿಸಿದರೆ ನೆನೆದರೆ ಸಾಕು.

ಜಿಡ್ಡಿನ ಪದಾರ್ಥ ಮಾತ್ರ ಬೇಡ. ಕೊಬ್ಬು ಒಣಗುವುದಿಲ್ಲ, ಕೆಲವೇ ದಿನಗಳಲ್ಲಿ ಕಮಟು ಬರುತ್ತದೆ. ಎಣ್ಣೆ ಹಾಕಿದ ಒಗ್ಗರಣೆಯನ್ನು ಒಣಗಿಸಲು ಹೋಗಿ ಒಂದು ಚೀಲ ಪೂರ್ತಿ ಹಾಳು ಮಾಡಿಕೊಂಡಿದ್ದೆ.

ಮೂರನೇಮಹಡಿ
ನನ್ನ ಅನುಮಾನ ಬೇರೆ. ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆಯೇ ಒಣಗುವುದಿಲ್ಲ. ಆ ಗಾಳಿಯನ್ನೇ ಎಳೆದುಕೊಳ್ಳುವ ಯಂತ್ರ ಹಣ್ಣನ್ನು ಹೇಗೆ ಒಣಗಿಸುತ್ತದೆ?

ತಂತಿಸ್ವಿಚ್ಚು
ಒಳ್ಳೆಯ ಪ್ರಶ್ನೆ. ಗಾಳಿ ಬಿಸಿಯಾದಷ್ಟೂ ಅದಕ್ಕೆ ನೀರಾವಿ ಹಿಡಿದುಕೊಳ್ಳುವ ಶಕ್ತಿ ಹೆಚ್ಚುತ್ತದೆ. ಹೊರಗೆ 25 ಡಿಗ್ರಿ, ತೇವಾಂಶ 90 ಶೇಕಡ ಇದೆ ಎನ್ನಿ. ಅದೇ ಗಾಳಿಯನ್ನು 57 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ 16–17 ಶೇಕಡಕ್ಕೆ ಇಳಿಯುತ್ತದೆ. ಒಂದು ಹನಿ ನೀರನ್ನೂ ತೆಗೆಯದೆ ಬರೀ ಬಿಸಿ ಮಾಡಿದ್ದಕ್ಕೇ ಅದು ಒಣಗಾಳಿಯಾಯಿತು. ಹಾಗಾಗಿ ಮಳೆಗಾಲದಲ್ಲೂ ಯಂತ್ರ ಕೆಲಸ ಮಾಡುತ್ತದೆ. ಬಿಸಿಲಿಗೂ ಯಂತ್ರಕ್ಕೂ ನಿಜವಾದ ವ್ಯತ್ಯಾಸ ಇಲ್ಲಿದೆ.

ಆದರೆ ಹೊರಬಂದ ಆವಿ ನಿಮ್ಮ ಕೋಣೆಯಲ್ಲೇ ಉಳಿಯುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಇಡಬೇಡಿ, ಕಿಟಕಿ ತೆರೆದಿರಲಿ. ಒಣಗಿದ್ದನ್ನು ಹೊರತೆಗೆದ ಮೇಲೆ ತಣ್ಣಗಾದ ಕೂಡಲೇ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ತಟ್ಟೆಯಲ್ಲೇ ರಾತ್ರಿ ಬಿಟ್ಟರೆ ಬೆಳಿಗ್ಗೆ ಮತ್ತೆ ಮೆತ್ತಗಾಗಿರುತ್ತದೆ.

ಹಿತ್ತಲಗಿಡ
ಇಷ್ಟು ಉತ್ತರ ಬರುತ್ತದೆಂದು ಎಣಿಸಿರಲಿಲ್ಲ. ಎಲ್ಲರಿಗೂ ಧನ್ಯವಾದ. ಇನ್ನೊಂದು ಗೊಂದಲ: ಒಂದರ ಮೇಲೊಂದು ತಟ್ಟೆ ಪೇರಿಸುವ ದುಂಡು ಯಂತ್ರವೂ ಇದೆ, ಅಲಮಾರಿನಂತೆ ತಟ್ಟೆ ಎಳೆಯುವ ಪೆಟ್ಟಿಗೆಯೂ ಇದೆ. ಎರಡರಲ್ಲಿ ಯಾವುದು?

ಗಾಜಿನಭರಣಿ
ಪೆಟ್ಟಿಗೆ. ಕಣ್ಣು ಮುಚ್ಚಿ ಪೆಟ್ಟಿಗೆ.

ತಂತಿಸ್ವಿಚ್ಚು
ಅಷ್ಟು ಸುಲಭವಾಗಿ ತೀರ್ಪು ಕೊಡಬೇಡಿ ಅಕ್ಕ. ಪೆಟ್ಟಿಗೆಯಲ್ಲಿ ಫ್ಯಾನ್ ಹಿಂಬದಿಯಲ್ಲಿರುತ್ತದೆ, ಗಾಳಿ ಎಲ್ಲ ತಟ್ಟೆಗಳ ಮೇಲೂ ಅಡ್ಡಡ್ಡ ಹಾಯುತ್ತದೆ. ಹಾಗಾಗಿ ಬಹುಮಟ್ಟಿಗೆ ಒಂದೇ ಸಮನೆ ಒಣಗುತ್ತದೆ, ವಾಸನೆಗಳೂ ಅಷ್ಟಾಗಿ ಬೆರೆಯುವುದಿಲ್ಲ. ಪೇರಿಸುವ ಯಂತ್ರದಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಅಥವಾ ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಫ್ಯಾನಿನ ಹತ್ತಿರದ ತಟ್ಟೆ ಬೇಗ, ದೂರದ್ದು ತಡವಾಗಿ ಒಣಗುತ್ತದೆ. ಎರಡು ಗಂಟೆಗೊಮ್ಮೆ ತಟ್ಟೆಗಳನ್ನು ಅದಲು ಬದಲು ಮಾಡಬೇಕು. ಫ್ಯಾನ್ ಅಡಿಯಲ್ಲಿದ್ದರೆ ಟೊಮೆಟೊ ರಸ ನೇರ ಅದರೊಳಗೆ ತೊಟ್ಟಿಕ್ಕುವ ಸಾಧ್ಯತೆ ಇದೆ.

ಇಷ್ಟೆಲ್ಲ ಇದ್ದರೂ ದುಂಡನೆಯದು ಜಾಗ ಕಡಿಮೆ ತಿನ್ನುತ್ತದೆ, ಅಗ್ಗ, ಬೇಕಾದಷ್ಟೇ ತಟ್ಟೆ ಇಡಬಹುದು. ಸೊಪ್ಪು, ಸೇಬು ಮಾತ್ರ ಒಣಗಿಸುವವರಿಗೆ ಧಾರಾಳ ಸಾಕು. ಯಾವುದೇ ಇರಲಿ, ಉಷ್ಣತೆ ಹೊಂದಿಸುವ ಗುಂಡಿ ಇಲ್ಲದ್ದನ್ನು ಮಾತ್ರ ಕೊಳ್ಳಬೇಡಿ. ಸಮಯ ಗೊತ್ತುಮಾಡುವ ಟೈಮರ್ ಇದ್ದರೆ ರಾತ್ರಿ ಎದ್ದು ಆರಿಸುವ ಕಷ್ಟ ತಪ್ಪುತ್ತದೆ.

ಗಾಜಿನಭರಣಿ
ಒಪ್ಪಿದೆ ತಮ್ಮಾ. ಆದರೆ ಟೊಮೆಟೊ ಒಣಗಿಸಲೆಂದೇ ಕೇಳುತ್ತಿರುವವರಿಗೆ ನನ್ನ ಉತ್ತರ ಈಗಲೂ ಪೆಟ್ಟಿಗೆಯೇ. ತಟ್ಟೆ ಉಕ್ಕಿನದಾದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಜಾಳಿಗೆಗೆ ಅಂಟಿದ ಬಾಳೆಹಣ್ಣನ್ನು ಉಜ್ಜಿ ತೆಗೆಯುವ ಹೊತ್ತಿಗೆ ತಾಳ್ಮೆ ತೀರುತ್ತದೆ. ಅರ್ಧ ಒಣಗಿದಾಗ ಒಮ್ಮೆ ಹೋಳುಗಳನ್ನು ತಿರುವಿ ಹಾಕಿದರೆ ಅಂಟುವುದು ಕಡಿಮೆ.

ಪುಟ್ಟಕಾರ್ಯಾಗಾರ
ವಿಷಯ ಸ್ವಲ್ಪ ಬದಿಗೆ ಸರಿಯುತ್ತದೆ, ಕ್ಷಮಿಸಿ. ನಾನು ಪೆಟ್ಟಿಗೆ ಯಂತ್ರ ಕೊಂಡದ್ದು 3ಡಿ ಪ್ರಿಂಟರ್‌ನ ಪ್ಲಾಸ್ಟಿಕ್ ದಾರದ ಸುರುಳಿ ಒಣಗಿಸಲು. ಆ ದಾರ ಗಾಳಿಯ ತೇವ ಹೀರಿದರೆ ಪ್ರಿಂಟ್ ಮಾಡುವಾಗ ಚಟಪಟ ಸಿಡಿಯುತ್ತದೆ, ಮೈ ಒರಟಾಗುತ್ತದೆ. ಪಿಎಲ್‌ಎ ಎಂಬ ಬಗೆಯ ಪ್ಲಾಸ್ಟಿಕ್ಕಿನ ದಾರಕ್ಕೆ 45 ಡಿಗ್ರಿಯಲ್ಲಿ ಐದಾರು ಗಂಟೆ ಸಾಕು. ಒಂದೇ ಯಂತ್ರಕ್ಕೆ ಎರಡು ಉಪಯೋಗ!

ಆಹಾರವಿಜ್ಞಾನ ಓದಿದವಳು
ಒಂದೇ ಯಂತ್ರ ಬೇಡ. ಪ್ಲಾಸ್ಟಿಕ್‌ಗೆ ಬಳಸಿದ್ದನ್ನು ಪ್ಲಾಸ್ಟಿಕ್‌ಗೇ ಮೀಸಲಿಡಿ, ಆಹಾರಕ್ಕೆ ಬಳಸಬೇಡಿ. ಬಿಸಿಯಾದ ಪ್ಲಾಸ್ಟಿಕ್ಕಿನಿಂದ ಏನೇನು ಹೊರಬಂದು ಒಳಮೈಗೆ ಅಂಟಿತು ಎಂದು ಮನೆಯಲ್ಲಿ ಪರೀಕ್ಷಿಸಲು ಆಗುವುದಿಲ್ಲ.

ಪುಟ್ಟಕಾರ್ಯಾಗಾರ
ಸರಿ ಮೇಡಂ, ಇನ್ನು ಮೇಲೆ ಅದರಲ್ಲಿ ಸೇಬು ಇಡುವುದಿಲ್ಲ.

ಸುಮ್ಮನೆ ಓದುವವಳು
ಬೇಗ ಮುಗಿಯಲಿ ಎಂದು ಉಷ್ಣತೆ ಹೆಚ್ಚಿಸಬಹುದೇ? 57ರ ಬದಲು 75 ಇಟ್ಟರೆ ಅರ್ಧ ಸಮಯದಲ್ಲಿ ಆಗುವುದಿಲ್ಲವೇ?

ಅಡುಗೆಮನೆಕಿಟಕಿ
ಬೇಡವೇ ಬೇಡ. ನನ್ನ ಓವನ್ ದಿನಗಳಲ್ಲಿ ದಪ್ಪ ಪೀಚ್ ಹೋಳುಗಳಿಗೆ ಹೀಗೇ ಮಾಡಿದ್ದೆ. ಮುಟ್ಟಿದರೆ ಹೊರಗೆ ಚರ್ಮದಂತೆ ಗಟ್ಟಿ, ಒಣಗಿದೆ ಎಂದು ಡಬ್ಬಿಗೆ ತುಂಬಿದೆ. ಎರಡು ವಾರದ ಮೇಲೆ ತೆರೆದಾಗ ಹಳಸಿದ ಹೆಂಡದ ವಾಸನೆ ಬಂತು. ಒಂದು ಹೋಳು ಸೀಳಿದೆ. ಸುತ್ತ ಕಂದು ತೊಗಟೆ, ನಡುವೆ ತೇವದ ತಿರುಳು, ಅದರ ಅಂಚಿಗೆ ಹಸಿರು ಬೂಷ್ಟು. ಹೊರಪದರ ಮೊದಲೇ ಬಿಗಿದುಕೊಂಡು ಒಳಗಿನ ನೀರಿಗೆ ದಾರಿ ಮುಚ್ಚಿತ್ತು.

ಆಹಾರವಿಜ್ಞಾನ ಓದಿದವಳು
ಇದನ್ನೇ ಹೊರಪದರ ಗಟ್ಟಿಕಟ್ಟುವುದು ಎನ್ನುತ್ತಾರೆ. ಅದನ್ನು ಮೊದಲೇ ಹಿಡಿಯಲು ಒಂದು ಒಳ್ಳೆಯ ಪದ್ಧತಿ ಇದೆ. ಒಣಗಿದ ಹಣ್ಣನ್ನು ತಣ್ಣಗಾದ ಮೇಲೆ ಗಾಜಿನ ಭರಣಿಗೆ ಮೂರನೇ ಎರಡು ಭಾಗ ಮಾತ್ರ ತುಂಬಿ, ಒತ್ತಬೇಡಿ. ಮುಚ್ಚಳ ಹಾಕಿ ಏಳರಿಂದ ಹತ್ತು ದಿನ ದಿನಕ್ಕೊಮ್ಮೆ ಅಲುಗಾಡಿಸಿ. ಹೆಚ್ಚು ತೇವವಿರುವ ಹೋಳಿನಿಂದ ಕಡಿಮೆ ಇರುವುದಕ್ಕೆ ನೀರು ಹಂಚಿಕೊಂಡು ಎಲ್ಲವೂ ಸಮವಾಗುತ್ತದೆ. ಗಾಜಿನ ಒಳಮೈಯಲ್ಲಿ ಹನಿ ಕಂಡರೆ ಒಣಗಿಲ್ಲ ಎಂದರ್ಥ, ಮತ್ತೆ ಯಂತ್ರಕ್ಕೆ ಹಾಕಿ. ಬೂಷ್ಟು ಕಂಡರೆ ಮಾತ್ರ ಭರಣಿಯಲ್ಲಿರುವುದನ್ನೆಲ್ಲ ಎಸೆಯಿರಿ, ಕಂಡ ಹೋಳನ್ನು ಮಾತ್ರ ಆರಿಸಿ ತೆಗೆದರೆ ಸಾಲದು.

ತರಕಾರಿಗೆ ಇನ್ನೊಂದು ಮಾತು. ಕ್ಯಾರೆಟ್, ಹುರುಳಿಕಾಯಿ, ಬಟಾಣಿಯಂಥವನ್ನು ಒಣಗಿಸುವ ಮೊದಲು ಕುದಿಯುವ ನೀರಿನಲ್ಲಿ ಅಥವಾ ಹಬೆಯಲ್ಲಿ ಕೆಲವು ನಿಮಿಷ ಅದ್ದಿ ತೆಗೆಯಬೇಕು. ಅವುಗಳಲ್ಲಿರುವ ಕಿಣ್ವಗಳು ಒಣಗಿದ ಮೇಲೂ ನಿಧಾನವಾಗಿ ಕೆಲಸ ಮಾಡುತ್ತಾ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತವೆ. ನಿಧಾನಸ್ಥ ಅವರ ನಾರು ಕ್ಯಾರೆಟ್‌ಗೆ ಇದೂ ಕಾರಣವಿರಬಹುದು. ಈರುಳ್ಳಿ, ಅಣಬೆ, ಟೊಮೆಟೊಗಳಿಗೆ ಇದು ಬೇಕಿಲ್ಲ.

ನಿಧಾನಸ್ಥ
ಹೌದು, ನಾನು ಹಸಿಯಾಗಿಯೇ ಇಟ್ಟಿದ್ದೆ. ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲಿ ಈ ಮಾತೇ ಇರಲಿಲ್ಲ.

ಬಿಸಿಲುಪ್ರಿಯ
ಇಷ್ಟೆಲ್ಲ ಮಾಡಿದ ಮೇಲೆ ಪೋಷಕಾಂಶ ಏನಾದರೂ ಉಳಿಯುತ್ತದೆಯೇ? ಕಾಯಿಸಿ, ಗಾಳಿಗೊಡ್ಡಿ, ಹತ್ತು ಗಂಟೆ ಹಿಂಸೆ ಕೊಟ್ಟು ತಿನ್ನುವುದಕ್ಕಿಂತ ತಾಜಾ ತಿನ್ನುವುದೇ ಮೇಲು.

ಆಹಾರವಿಜ್ಞಾನ ಓದಿದವಳು
ತಾಜಾ ಮೇಲು ಎಂಬುದರಲ್ಲಿ ಜಗಳವಿಲ್ಲ. ಸಿ ಜೀವಸತ್ವ ಚೆನ್ನಾಗಿಯೇ ಕಡಿಮೆಯಾಗುತ್ತದೆ, ಎ ಜೀವಸತ್ವವೂ ಸ್ವಲ್ಪ. ನಾರು, ಖನಿಜಾಂಶ, ಸಕ್ಕರೆ ಉಳಿಯುತ್ತವೆ. ಸಕ್ಕರೆ ಉಳಿಯುತ್ತದೆ ಎಂಬುದನ್ನು ಗಮನಿಸಿ. ಮೂರು ಬಾಳೆಹಣ್ಣು ಒಣಗಿ ಒಂದು ಹಿಡಿಯಾಗುತ್ತದೆ. ಆ ಹಿಡಿಯನ್ನು ಮಾತಾಡುತ್ತಾ ತಿಂದು ಮುಗಿಸಿದರೆ ಮೂರು ಹಣ್ಣು ತಿಂದಂತೆ. ಮಧುಮೇಹ ಇರುವವರು ಎಣಿಸಿ ತಿನ್ನಬೇಕು. ಆದರೆ ಹಿತ್ತಲಗಿಡ ಅವರು ತಾಜಾ ಟೊಮೆಟೊವನ್ನು ಒಣ ಟೊಮೆಟೊ ಜೊತೆ ಹೋಲಿಸುತ್ತಿಲ್ಲ, ಕೊಳೆತ ಟೊಮೆಟೊ ಜೊತೆ ಹೋಲಿಸುತ್ತಿದ್ದಾರೆ.

ಹಿತ್ತಲಗಿಡ
ಈ ಕೊನೆಯ ಸಾಲನ್ನು ಮನೆಯವರಿಗೆ ಓದಿ ಹೇಳಿದೆ!

ಚಾರಣಿಗ
ಒಣ ಟೊಮೆಟೊವನ್ನು ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಹಾಕಿಟ್ಟರೆ ಬಹಳ ರುಚಿ. ಶೆಲ್ಫಿನ ಮೇಲೆ ತಿಂಗಳುಗಟ್ಟಲೆ ಇಡಬಹುದು.

ಆಹಾರವಿಜ್ಞಾನ ಓದಿದವಳು
ದಯವಿಟ್ಟು ಹಾಗೆ ಇಡಬೇಡಿ, ಇದನ್ನು ಓದುವವರೂ ಇಡಬೇಡಿ. ಹಸಿ ಬೆಳ್ಳುಳ್ಳಿಯಲ್ಲಿ ಹುಳಿ ಕಡಿಮೆ, ಎಣ್ಣೆಯೊಳಗೆ ಗಾಳಿ ಇಲ್ಲ. ಬಾಟುಲಿಸಂ ಎಂಬ, ಜೀವಕ್ಕೇ ಅಪಾಯವಾಗುವ ವಿಷಬಾಧೆ ತರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬ್ಯಾಕ್ಟೀರಿಯಾಗೆ ಬೇಕಾದದ್ದು ಅದೇ. ಅದರ ವಿಷಕ್ಕೆ ವಾಸನೆಯೂ ಇರಬೇಕೆಂದಿಲ್ಲ, ರುಚಿಯೂ ಇರಬೇಕೆಂದಿಲ್ಲ. ಟೊಮೆಟೊವನ್ನು ಒಣಗಿಯೇ ಇಟ್ಟುಕೊಳ್ಳಿ. ಎಣ್ಣೆ, ಬೆಳ್ಳುಳ್ಳಿ ಬೇಕಾದಾಗ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ.

ಮಾಂಸ ಒಣಗಿಸುವವರಿಗೂ ಹೇಳಿಬಿಡುತ್ತೇನೆ. ಯಂತ್ರದ 55–60 ಡಿಗ್ರಿಯನ್ನು ನಂಬಿ ಹಸಿ ಮಾಂಸ ಇಡಬಾರದು. ತೇವ ಆವಿಯಾಗುವಾಗ ಮಾಂಸ ತಂಪಾಗಿಯೇ ಉಳಿಯುತ್ತದೆ, ಒಣಗಿದ ಮೇಲೆ ಬ್ಯಾಕ್ಟೀರಿಯಾ ಶಾಖವನ್ನು ಇನ್ನೂ ಚೆನ್ನಾಗಿ ತಡೆದುಕೊಳ್ಳುತ್ತವೆ. ಮೊದಲೇ ಹಬೆಯಲ್ಲೋ ಓವನ್‌ನಲ್ಲೋ ಮಾಂಸದ ಒಳಭಾಗ 71 ಡಿಗ್ರಿ, ಕೋಳಿಯಾದರೆ 74 ಡಿಗ್ರಿ ಮುಟ್ಟುವಂತೆ ಬಿಸಿ ಮಾಡಿ, ಆಮೇಲೆ ಒಣಗಿಸಿ. ಮೊಟ್ಟೆಯನ್ನು ಮನೆಯಲ್ಲಿ ಒಣಗಿಸಲೇಬೇಡಿ.

ಚಾರಣಿಗ
ಎರಡು ವರ್ಷದಿಂದ ಹಾಗೆ ಮಾಡುತ್ತಿದ್ದೆ. ಶೆಲ್ಫಿನ ಮೇಲಿದ್ದ ಸೀಸೆಯನ್ನು ಈಗಷ್ಟೇ ಕಸಕ್ಕೆ ಹಾಕಿ ಬಂದೆ. ಹೇಳಿದ್ದಕ್ಕೆ ನಿಜವಾಗಿಯೂ ಕೃತಜ್ಞ.

ಕಿವಿಸೂಕ್ಷ್ಮ
ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ಮೇಜಿನ ಫ್ಯಾನ್ ಜೋರಾಗಿ ಇಟ್ಟಷ್ಟು ಸದ್ದು ಎಂಟು ಹತ್ತು ಗಂಟೆ ಬಿಡದೆ ಇರುತ್ತದೆ. ಒಂದೇ ಕೋಣೆಯ ಮನೆಯಲ್ಲಿರುವವರು ಇದನ್ನು ಯೋಚಿಸಿಯೇ ಕೊಳ್ಳಿ. ಅಂಗಡಿಯಲ್ಲಿ ಓಡಿಸಿ ತೋರಿಸಿ ಎಂದು ಕೇಳಿ.

ಹಿತ್ತಲಗಿಡ
ಎರಡು ವಾರ ಮಾಯವಾಗಿದ್ದೆ, ಕಾರಣವಿದೆ. ಅಡುಗೆಮನೆಕಿಟಕಿ ಅವರ ಮಾತಿನಂತೆ ಕೊಳ್ಳುವ ಮೊದಲು ಪರೀಕ್ಷೆ ಮಾಡೋಣವೆಂದು ಹೊರಟೆ. ಓವನ್‌ನ ಬದಲು ಗೆಳತಿಯೊಬ್ಬಳ ಹತ್ತಿರ ಸುಮ್ಮನೆ ಕೂತಿದ್ದ ದುಂಡು ಯಂತ್ರ ಸಿಕ್ಕಿತು. ಅವಳು ಅದನ್ನು ಮುಟ್ಟಿ ಒಂದು ವರ್ಷವಾಗಿತ್ತಂತೆ. ನಿಧಾನಸ್ಥ ಅವರ ನೆನಪಾಯಿತು.

ಮೊದಲ ಸಲ 2,000 ಗ್ರಾಂ ಹೋಳು ತೂಗಿ ಇಟ್ಟೆ. ಬೆರಳಿನ ದಪ್ಪ ಕತ್ತರಿಸಿದ್ದೇ ತಪ್ಪಾಯಿತು. ಹನ್ನೊಂದು ಗಂಟೆಯಾದರೂ ನಡುವಿನ ಬೀಜದ ಭಾಗ ಲೊಳೆಯಾಗಿಯೇ ಇತ್ತು. ರಾತ್ರಿ ಒಂದಕ್ಕೆ ಎದ್ದು ತಟ್ಟೆ ಬದಲಿಸಿ ಮಲಗಿದೆ. ಎರಡನೇ ಸಲ 6 ಮಿಲಿಮೀಟರ್ ದಪ್ಪಕ್ಕೆ, ಎಲ್ಲವನ್ನೂ ಒಂದೇ ಸಮನಾಗಿ ಬಿಲ್ಲೆ ಮಾಡಿದೆ. ಒಂಬತ್ತು ಗಂಟೆಗೆ ಬಿಲ್ಲೆಗಳು ಎಷ್ಟು ತೆಳ್ಳಗಾದವು ಎಂದರೆ, ಒಂದನ್ನು ಕಿಟಕಿಗೆ ಹಿಡಿದಾಗ ಬೀಜಗಳ ಸುತ್ತಲಿನ ನರಗಳೆಲ್ಲ ಕೆಂಪು ಗಾಜಿನಲ್ಲಿ ಗೆರೆ ಎಳೆದ ಹಾಗೆ ಕಂಡವು. ಬಗ್ಗಿಸಿದರೆ ಟಪ್ಪೆಂದು ಮುರಿಯಿತು. ತೂಕ 134 ಗ್ರಾಂ. ತಕ್ಕಡಿ ಅವರೇ, ನಿಮ್ಮ ಲೆಕ್ಕ ನಾಲ್ಕು ಗ್ರಾಂ ತಪ್ಪಿತು, ಅಷ್ಟೇ.

ಮೂರು ಸಲ ಒಣಗಿಸಿದ್ದರಲ್ಲಿ ಒಂದು ಡಬ್ಬಿ ಪುಡಿ ಆಗಲೇ ಅರ್ಧ ಮುಗಿದಿದೆ. ಮನೆಯವರು ಮೊಸರಿಗೂ ಉದುರಿಸಿಕೊಳ್ಳುತ್ತಿದ್ದಾರೆ.

ತಕ್ಕಡಿ
134! ಬಹಳ ಸಂತೋಷವಾಯಿತು. ತೂಗುವ ಅಭ್ಯಾಸ ಬಿಡಬೇಡಿ. ಒಣಗಿತೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನಿರ್ಧರಿಸುವುದಕ್ಕಿಂತ ತೂಕ ಹೆಚ್ಚು ನಂಬಿಕೆಗೆ ಅರ್ಹ. ಬಿಸಿ ಇರುವಾಗ ಹಣ್ಣು ಮೆತ್ತಗೆ ಅನ್ನಿಸುತ್ತದೆ, ತಣ್ಣಗಾದ ಮೇಲೆಯೇ ಅದರ ನಿಜ ತಿಳಿಯುವುದು. ಸೇಬಿಗೆ ಲೆಕ್ಕ ಹೀಗೆ: 1,000 ಗ್ರಾಂ ಹೋಳಿನಲ್ಲಿ ನೀರು 85 ಶೇಕಡ, ಗಟ್ಟಿ ಅಂಶ 150 ಗ್ರಾಂ. ಒಣಗಿದ ಹಣ್ಣಿನಲ್ಲಿ 20 ಶೇಕಡ ತೇವ ಉಳಿಯಬಹುದಾದ್ದರಿಂದ 187 ಗ್ರಾಂಗೆ ಬಂದಾಗ ನಿಲ್ಲಿಸಿ. ತರಕಾರಿಗೆ 10 ಶೇಕಡ ಅಥವಾ ಅದಕ್ಕೂ ಕಡಿಮೆ.

ನಿಧಾನಸ್ಥ
ನಿಮ್ಮ ಗೆಳತಿ ಆ ಯಂತ್ರವನ್ನು ಕೊಟ್ಟೇಬಿಡುತ್ತಾರೆಯೇ ಕೇಳಿ ನೋಡಿ. ನನ್ನಂಥವರ ಮನೆಗಳಲ್ಲಿ ಎಷ್ಟೋ ಯಂತ್ರ ಹೀಗೆ ಕೂತಿವೆ. ಹೊಸದು ಕೊಳ್ಳುವ ಮೊದಲು ಒಂದು ಸಲ ಹಳೆಯದನ್ನು ಹುಡುಕುವುದು ನ್ಯಾಯ. ನಾನೂ ಈ ವಾರ ನನ್ನದನ್ನು ಕೆಳಗಿಳಿಸಿ, ಅಣಬೆಯನ್ನಷ್ಟೇ ಒಣಗಿಸಿ ನೋಡುತ್ತೇನೆ.

ಗಾಜಿನಭರಣಿ
ಪುಡಿ ಮಾಡುವುದನ್ನು ಮರೆಯಬೇಡಿ!

ತಂತಿಸ್ವಿಚ್ಚು
ಹಳೆಯದು ತೆಗೆದುಕೊಳ್ಳುವುದಾದರೆ ಒಂದು ಪರೀಕ್ಷೆ. ಖಾಲಿ ಯಂತ್ರದ ನಡುವಿನ ತಟ್ಟೆಯಲ್ಲಿ ಓವನ್ ಥರ್ಮಾಮೀಟರ್ ಇಟ್ಟು 57ಕ್ಕೆ ಹೊಂದಿಸಿ, ಒಂದು ಗಂಟೆ ಬಿಟ್ಟು ನೋಡಿ. ಗುಂಡಿಯ ಮೇಲಿನ ಅಂಕಿಗೂ ಒಳಗಿನ ಉಷ್ಣತೆಗೂ ಎಷ್ಟೋ ಸಲ ಹೊಂದುವುದಿಲ್ಲ. ಅಂತರ ಗೊತ್ತಾದರೆ ಅದಕ್ಕೆ ತಕ್ಕಂತೆ ಗುಂಡಿ ತಿರುಗಿಸಬಹುದು. ತಂತಿ ಬಿರಿದಿದ್ದರೆ, ಫ್ಯಾನ್ ಕಿರುಗುಟ್ಟಿದರೆ ಬೇಡ.

ಹಿತ್ತಲಗಿಡ
ಗೆಳತಿಯನ್ನು ಕೇಳಿದೆ. ಎರಡು ಡಬ್ಬಿ ಪುಡಿ ಕೊಡು, ಯಂತ್ರ ಇಟ್ಟುಕೋ ಎಂದಳು. ಥರ್ಮಾಮೀಟರ್ ಇಟ್ಟು ನೋಡಿದೆ, 57ಕ್ಕೆ ಇಟ್ಟರೆ 52 ತೋರಿಸುತ್ತದೆ. ಇನ್ನು ಮೇಲೆ ಐದು ಹೆಚ್ಚಿಗೆ ಇಡುತ್ತೇನೆ. ಫ್ಯಾನ್ ಅಡಿಯಲ್ಲೇ ಇದೆ, ಹಾಗಾಗಿ ಹೋಳುಗಳನ್ನು ಮೊದಲು ಅರ್ಧ ಗಂಟೆ ಜರಡಿಯಲ್ಲಿ ಸೋರಲು ಬಿಟ್ಟು ಆಮೇಲೆ ತಟ್ಟೆಗೆ ಹಾಕುತ್ತಿದ್ದೇನೆ.

ಈ ವಾರದ ಭರಣಿಗೆ ಇಂದು ನಾಲ್ಕನೇ ದಿನ. ಬೆಳಿಗ್ಗೆ ಅಲುಗಾಡಿಸಿದಾಗ ಒಣ ಎಲೆಯಂತೆ ಸದ್ದು ಬಂತು, ಗಾಜಿನ ಮೇಲೆ ಹನಿ ಇಲ್ಲ. ಗಿಡದಲ್ಲಿ ಇನ್ನೂ ಮೂರು ಬುಟ್ಟಿ ಹಣ್ಣಿವೆ. ಆ ಸೋರಿದ ರಸವನ್ನು ಏನು ಮಾಡುವುದು, ಯಾರಾದರೂ ಹೇಳಿ?

ಅಡುಗೆಮನೆಕಿಟಕಿ
ಅಂದೇ ಸೂಪಿಗೆ ಹಾಕಿ. ಉಳಿದರೆ ಐಸ್ ತಟ್ಟೆಗೆ ಸುರಿದು ಫ್ರೀಜರ್‌ನಲ್ಲಿಡಿ.